ಲಿಂಬೆ ಮುಳ್ಳಿನ ಗಾಯ

ಮೊನ್ನೆ ಇಂಡಿ ಪಟ್ಟಣದಲ್ಲಿ ಒಂದು ತರಬೇತಿಗೆ ಕರೆದಿದ್ದರು. ನಿವೃತ್ತಳಾಗಿ ಮೂರು ವರ್ಷವಾದ ಮೇಲೂ ಒಬ್ಬ ನರ್ಸಬಾಯಿಯನ್ನು ನೆನೆಯುವವರಿದ್ದಾರಲ್ಲ ಎಂದು ಒಳಗೊಳಗೇ ಹಿಗ್ಗಿ, ಇಸ್ತ್ರಿ ಸೀರೆ ಉಟ್ಟು, ಅರ್ಧ ತಾಸು ಮೊದಲೇ ಹೋಗಿ ಮುಂದಿನ ಕುರ್ಚಿಯಲ್ಲಿ ಕುಳಿತೆ. ಆಶಾ ಕಾರ್ಯಕರ್ತೆಯರು, ಶಾಲೆಯ ಮಾಸ್ತರರು, ಪೊಲೀಸರು, ಒಂದಿಬ್ಬರು ಕಿರಿಯ ವಕೀಲರು, ಬಸ್ಸಿನ ಕಂಡಕ್ಟರು ಕೂಡ ಬಂದಿದ್ದರು. ಮನೆಯೊಳಗೆ ಹೊಡೆತ ತಿನ್ನುವ ಹೆಣ್ಣುಮಕ್ಕಳಿಗೆ ನಾವು ನಮ್ಮ ನಮ್ಮ ಕೆಲಸದಲ್ಲಿದ್ದುಕೊಂಡೇ ಹೇಗೆ ಆಸರೆಯಾಗಬಹುದು ಎಂಬುದು ವಿಷಯ. ‘ನಿಮ್ಮ ಅನುಭವ ಹತ್ತು ನಿಮಿಷ ಹೇಳ್ರಿ’ ಎಂದಿದ್ದರು. ಹತ್ತು ನಿಮಿಷ ನನಗೆ ಪೀಠಿಕೆಗೇ ಸಾಲುವುದಿಲ್ಲ.

ಅಷ್ಟರಲ್ಲಿ ತಾಟಿನಲ್ಲಿ ಲಿಂಬೆ ಶರಬತ್ತು ಬಂತು. ಇಂಡಿಯಲ್ಲಿ ಲಿಂಬೆಯ ವಾಸನೆಗೆ ಬೆಚ್ಚಿಬಿದ್ದೆನೆಂದರೆ ಕೇಳಿದವರು ನಕ್ಕಾರು. ಇಲ್ಲಿ ಗಾಳಿಗೇ ಆ ವಾಸನೆ ಇದೆ. ಆದರೂ ಲೋಟ ತುಟಿಯ ಹತ್ತಿರ ಬಂದದ್ದು ಅಲ್ಲಿಯೇ ನಿಂತಿತು. ನನಗೆ ಕಸ್ತೂರಿ ನೆನಪಾದಳು.

ನನ್ನದೊಂದು ಕೆಟ್ಟ ಚಾಳಿ ಮೊದಲು ಹೇಳಿಬಿಡುತ್ತೇನೆ. ಎದುರಿನವರು ಅರ್ಧ ಮಾತಾಡಿದರೆ ಉಳಿದರ್ಧ ನಾನೇ ಆಡುತ್ತೇನೆ. ನಮ್ಮ ಯಜಮಾನರು ಊರ ಶಾಲೆಯಲ್ಲಿ ಮಾಸ್ತರರಾಗಿದ್ದವರು, ಮೆಲ್ಲಗೆ ಮಾತಾಡುವ ಜೀವ. ‘ನಾ ಇನ್ನೂ ಕೆಮ್ಮೇ ಇಲ್ಲ, ನೀ ಗುಳಿಗಿ ತಂದು ನಿಂತೀದಿ’ ಎಂದು ಈಗಲೂ ರೇಗಿಸುತ್ತಾರೆ. ಆದರೆ ದವಾಖಾನೆಯಲ್ಲಿ ಇದೇ ಚಾಳಿ ನನಗೆ ಹೆಸರು ತಂದಿತ್ತು. ಬಾಗಿಲಲ್ಲಿ ಕಾಲಿಟ್ಟವರ ಮುಖ ನೋಡಿಯೇ ‘ಹೊಟ್ಟಿ ಜಾಡಿಸೇತೇನು? ಮೂರು ದಿನಾ ಆತೇನು?’ ಎಂದುಬಿಡುತ್ತಿದ್ದೆ. ಜನ ಬೆರಗಾಗಿ ‘ಹೂನ್ರಿ ಬಾಯಾರ’ ಎನ್ನುತ್ತಿದ್ದರು. ಬಾಗಿಲ ಮುಂದಿನ ಪಾಳಿ ಬೇಗ ಕರಗುತ್ತಿತ್ತು. ನಾನು ಜಾಣೆ ಎಂದು ನಾನೇ ನಂಬಿದ್ದೆ.

ದವಾಖಾನೆ ಇದ್ದದ್ದು ಇಂಡಿಯಿಂದ ಟೆಂಪೋದಲ್ಲಿ ಮುಕ್ಕಾಲು ತಾಸಿನ ಹಳ್ಳಿಯಲ್ಲಿ. ಸುತ್ತಲೂ ಲಿಂಬೆಯ ತೋಟಗಳು. ಲಿಂಬೆಯ ಮುಳ್ಳು ಎಂಥದೆಂದು ಕಂಡವರಿಗೇ ಗೊತ್ತು. ಹಣ್ಣು ಹರಿಯಲು ಹೋದವರ ಕೈ ಮೊಣಕೈವರೆಗೆ ಗೀರು ಗೀರು. ಒಂದೊಂದು ಕೀವಾಗುತ್ತದೆ, ಒಂದೊಂದು ಬಾತುಕೊಳ್ಳುತ್ತದೆ. ಹಣ್ಣಿನ ಹಂಗಾಮಿನಲ್ಲಿ ದಿನಕ್ಕೆ ಹತ್ತು ಕೈಗಳಿಗೆ ಪಟ್ಟಿ ಕಟ್ಟುತ್ತಿದ್ದೆ. ಪಟ್ಟಿ ಕಟ್ಟಿದ್ದನ್ನು ಬರೆದಿಡುವ ರಿಜಿಸ್ಟರಿನ ‘ಗಾಯದ ಕಾರಣ’ ಎಂಬ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನತನಕ ‘ಲಿಂಬೆ ಮುಳ್ಳು’ ಎಂದೇ ಇರುತ್ತಿತ್ತು.

ಕಸ್ತೂರಿ ಗೊಳಸಂಗಿಯ ಕಡೆಯಿಂದ ಆ ಹಳ್ಳಿಗೆ ಸೊಸೆಯಾಗಿ ಬಂದವಳು. ತೆಳ್ಳಗೆ, ಎತ್ತರ, ತಲೆಯ ಮೇಲಿನ ಸೆರಗು ಜಾರಗೊಡದವಳು. ಮೊದಲ ಸಲ ಗಂಡನೇ ಕರೆದುಕೊಂಡು ಬಂದಿದ್ದ. ಬಹಳ ಮರ್ಯಾದಸ್ಥ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ‘ನೋಡ್ರಿ ಬಾಯಾರ, ಕೆಲಸದಾಗ ಎಚ್ಚರನ ಇಲ್ಲ ಈಕಿಗೆ’ ಎಂದು ನಕ್ಕ. ನಾನೂ ನಕ್ಕೆ. ಅವಳ ಕೈ ಹಿಡಿದು ‘ಲಿಂಬಿ ಮುಳ್ಳೇನವಾ?’ ಎಂದೆ. ಅವಳು ಗಂಡನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ‘ಹೂನ್ರಿ’ ಎಂದಳು. ಹೋಗುವಾಗ ಅವನು ಒಂದು ಚೀಲ ಲಿಂಬೆಹಣ್ಣು ಮೇಜಿನ ಮೇಲಿಟ್ಟು ಹೋದ. ನಾನು ಉಪ್ಪಿನಕಾಯಿ ಹಾಕಿದೆ. ಆ ವರ್ಷ ನನ್ನ ಉಪ್ಪಿನಕಾಯಿ ಬಹಳ ಚೆನ್ನಾಗಿ ಬಂದಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಎರಡನೆಯ ಸಲ, ಮೂರನೆಯ ಸಲವೂ ಹಾಗೆಯೇ. ಮೂರನೆಯ ಸಲ ಗೀರುಗಳ ಜೊತೆಗೆ ಮಣಿಕಟ್ಟಿನ ಸುತ್ತ ನಾಲ್ಕು ನೀಲಿ ಗುರುತುಗಳಿದ್ದವು. ನಾನು ಅವನ್ನು ನೋಡಿದೆ. ನೋಡಲಿಲ್ಲವೆಂದು ನಿಮ್ಮ ಮುಂದೆ ಸುಳ್ಳು ಹೇಳಲಾರೆ. ಲಿಂಬೆ ಮುಳ್ಳಿಗೆ ಬೆರಳು ಇರುವುದಿಲ್ಲ. ಹೊರಗೆ ಪಾಳಿ ಬೆಳೆದಿತ್ತು, ಒಂದು ಕೂಸು ಕಿರುಚುತ್ತಿತ್ತು, ಗಂಡ ಬಾಗಿಲಲ್ಲೇ ನಿಂತಿದ್ದ. ‘ಮತ್ತ ಲಿಂಬಿ ಮುಳ್ಳೇನವಾ?’ ಎಂದು ಕೇಳಿ, ಉತ್ತರ ಬರುವ ಮೊದಲೇ ಬರೆದುಕೊಂಡೆ.

ಕಂಡವಳು ನಾನೊಬ್ಬಳೇ ಅಲ್ಲ. ಅವಳ ಮಗಳು ಅದೇ ಹಳ್ಳಿಯ ಶಾಲೆಯಲ್ಲಿ ನಮ್ಮ ಯಜಮಾನರ ತರಗತಿಯಲ್ಲೇ ಇದ್ದಳು. ವಾರಕ್ಕೆ ಎರಡು ದಿನ ಗೈರು, ಬಂದ ದಿನ ಮೇಜಿನ ಮೇಲೆ ನಿದ್ದೆ. ಹಾಜರಿ ಕಡಿಮೆಯೆಂದು ಚೀಟಿ ಬರೆದು ಕಳಿಸಿದರೇ ಹೊರತು ಯಾಕೆಂದು ಇವರೂ ಕೇಳಲಿಲ್ಲ. ಕಸ್ತೂರಿ ಒಮ್ಮೆ ಪೊಲೀಸ್ ಠಾಣೆಯ ಮೆಟ್ಟಿಲನ್ನೂ ಹತ್ತಿದ್ದಳಂತೆ. ಅಲ್ಲಿ ಯಾರೋ ಹಿರಿಯರು ‘ಗಂಡ ಹೆಂಡಿರ ಜಗಳ ಉಂಡು ಮಲಗೂತನಾ’ ಎಂದು ಚಹಾ ಕುಡಿಸಿ ಕಳಿಸಿದರು. ಉಂಡು ಮಲಗುವತನಕ ಜಗಳ ಸರಿ. ಹೊಡೆತ ಎಲ್ಲಿಯತನಕ ಎಂದು ಆ ಗಾದೆ ಹೇಳುವುದಿಲ್ಲ.

ಕೊನೆಗೆ ಅವಳೇ ಗಟ್ಟಿಯಾಗಿ ಇಂಡಿಯಲ್ಲಿ ದಾವೆ ಹಾಕಿದಳು. ಅವಳಿಗೆ ಬೇಕಾದದ್ದು ಎರಡೇ: ಗಂಡ ತನ್ನ ಮೈಮುಟ್ಟಬಾರದು, ಮಗಳು ತನ್ನ ಹತ್ತಿರ ಇರಬೇಕು. ದವಾಖಾನೆಗೆ ಮೂರು ಸಲ ಹೋಗಿದ್ದೆ, ಬಾಯಾರು ನೋಡಿದ್ದಾರೆ ಎಂದು ಹೇಳಿದ್ದಳಂತೆ. ನನ್ನನ್ನು ನಂಬಿ ಹೇಳಿದ್ದಳು. ರಿಜಿಸ್ಟರು ತೆಗೆದುಕೊಂಡು ಬರಬೇಕೆಂದು ನನಗೆ ಸಮನ್ಸ್ ಬಂತು.

ಕೋರ್ಟಿನಲ್ಲಿ ಗಂಡನ ಕಡೆಯ ವಕೀಲರು ಜೋರು ಮಾಡಲಿಲ್ಲ, ಬೆದರಿಸಲಿಲ್ಲ. ‘ಇದು ನಿಮ್ಮ ಅಕ್ಷರ ಹೌದಲ್ರಿ ಸಿಸ್ಟರ್?’ ಎಂದರು.

‘ಹೌದ್ರಿ.’

‘ಓದ್ರಿ ಸ್ವಲ್ಪ.’

ನನ್ನ ಅಕ್ಷರ ದುಂಡಗೆ, ಮುತ್ತಿನಂತೆ. ಯಜಮಾನರು ಮೆಚ್ಚಿದ ಅಕ್ಷರ. ‘ಲಿಂಬೆ ಮುಳ್ಳು’ ಎಂದು ಮೂರು ಸಲ ಓದಿದೆ. ‘ಆಕಿ ಹೇಳಿಲ್ರಿ, ನಾನ ಬರಕೊಂಡೆ’ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಯಾವತ್ತೂ ಪರರ ಮಾತು ಮುಗಿಸುವ ಬಾಯಿಗೆ ಅವತ್ತು ತನ್ನ ಒಂದು ಮಾತು ಮುಗಿಸಲಾಗಲಿಲ್ಲ. ‘ಆತು, ಇಷ್ಟಽ’ ಎಂದು ಅವರು ಕುಳಿತರು. ಕಟಕಟೆಯಿಂದ ಇಳಿದು ಬರುವಾಗ ಕಸ್ತೂರಿ ನನ್ನನ್ನು ನೋಡಿದಳು. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟು ಇರಲಿಲ್ಲ.

ದಾವೆ ನಿಲ್ಲುವುದಿಲ್ಲವೆಂದು ಹಿರಿಯರೆಲ್ಲ ಕೂಡಿ ರಾಜಿ ಮಾಡಿಸಿದರು. ಅವಳು ಅದೇ ಮನೆಗೆ ತಿರುಗಿ ಹೋದಳು. ನಮ್ಮ ದವಾಖಾನೆಗೆ ಮತ್ತೆ ಯಾವತ್ತೂ ಬರಲಿಲ್ಲ. ಹಂಗಾಮು ಬಂದಾಗಲೆಲ್ಲ ಪಾಳಿಯಲ್ಲಿ ಎತ್ತರದ ಹೆಣ್ಣುಮಗಳು ಕಂಡರೆ ಪಟ್ಟಿ ಕಟ್ಟುವುದನ್ನು ಬಿಟ್ಟು ಮುಖ ನೋಡಲು ಎದ್ದು ಹೋಗುತ್ತಿದ್ದೆ.

ಮತ್ತೆ ಅವಳನ್ನು ಕಂಡದ್ದು ನಾನು ನಿವೃತ್ತಳಾದ ವರ್ಷ, ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ. ಅವಳೇ ಗುರುತು ಹಿಡಿದು ‘ಬಾಯಾರ, ಆರಾಮದೀರಿ?’ ಎಂದಳು. ಮುದ್ದೇಬಿಹಾಳದಲ್ಲಿ ಒಂದು ಹಾಸ್ಟೆಲಿನಲ್ಲಿ ಅಡಿಗೆ ಮಾಡಿಕೊಂಡಿದ್ದಳು, ಮಗಳು ಕಾಲೇಜಿಗೆ ಹೋಗುತ್ತಿದ್ದಳು. ಚೀಲವನ್ನು ಎಡಗೈಯಲ್ಲೇ ಹಿಡಿದಿದ್ದಳು. ಬಲಗೈ ಮೊಣಕೈಯ ಹತ್ತಿರ ಸೊಟ್ಟಗಿತ್ತು. ನಾನು ನೋಡುವುದನ್ನು ನೋಡಿ ಅವಳೇ ಹೇಳಿದಳು.

ರಾಜಿಯಾದ ಆರು ತಿಂಗಳಿಗೆ ಕೈ ಮುರಿದಿತ್ತು. ನಮ್ಮಲ್ಲಿಗೆ ಬೇಡವೆಂದು ಗಂಡ ಸಿಂದಗಿಗೆ ಕರೆದೊಯ್ದಿದ್ದ. ಅಲ್ಲೊಬ್ಬಳು ಹೊಸ ನರ್ಸು, ಇನ್ನೂ ಚಿಕ್ಕ ವಯಸ್ಸಿನವಳು. ‘ಅಕಿ ಏನೂ ಮಾಡ್ಲಿಲ್ರಿ ಬಾಯಾರ. ಚೀಟಿ ಮಾಡಿಸ್ಕೊಂಡು ಬರ್ರಿ ಅಂತ ಅವರನ್ನ ಹೊರಗ ಕಳಿಸಿದ್ಲು. ಬಾಗಲಾ ಹಾಕಿದ್ಲು. ಏನಾತು ಅಂತ ಕೇಳಿ ಸುಮ್ಮನ ಕುಂತ್ಲು. ನನಗ ಎಷ್ಟೋ ಹೊತ್ತು ಬಾಯಿ ಬರಲಿಲ್ಲ. ಅಕಿ ಕುಂತಽ ಇದ್ಲು.’ ಆಮೇಲೆ ಕಸ್ತೂರಿ ಹೇಳಿದ್ದನ್ನು ಹೇಳಿದ ಹಾಗೆ ಬರೆದು, ಓದಿ ತೋರಿಸಿ, ಯಾರ ಹತ್ತಿರ ಹೋಗಬೇಕೆಂದು ಹೇಳಿ ಅಷ್ಟಕ್ಕೇ ಬಿಡದೆ, ತಾನೇ ಅವರಿಗೆ ಫೋನು ಹಚ್ಚಿ ಮಾತಾಡಿದಳಂತೆ. ಆ ಬರಹವೇ ಮುಂದೆ ಕೋರ್ಟಿನಲ್ಲಿ ಕಸ್ತೂರಿಯ ಕೈ ಹಿಡಿಯಿತು; ಮಗಳನ್ನು ಕರೆದುಕೊಂಡು ಅವಳು ಆ ಮನೆ ಬಿಟ್ಟಳು.

ನಾನು ಅಲ್ಲೇ, ಬಸ್ಸುಗಳ ಗದ್ದಲದಲ್ಲಿ, ‘ನನ್ನಿಂದ ತಪ್ಪಾತವಾ’ ಎಂದೆ. ಅವಳು ಚೀಲ ಕೆಳಗಿಟ್ಟು ಸೆರಗು ಸರಿಮಾಡಿಕೊಂಡಳು.

‘ನೀವೇನು ಕೆಟ್ಟವರಲ್ರಿ. ನಿಮಗ ಗಡಿಬಿಡಿ ಇತ್ತು. ನೀವಽ ಉತ್ತರಾ ಕೊಟ್ರಿ, ನಾ ತಗೊಂಡೆ.’

ಬಸ್ಸು ಬಂತು. ಅವಳು ಹತ್ತಿದಳು. ಆ ಮಾತಿನಲ್ಲಿ ಕ್ಷಮೆ ಇತ್ತೋ ಇಲ್ಲವೋ, ನನಗೆ ಇವತ್ತಿಗೂ ತಿಳಿದಿಲ್ಲ. ಆ ಸೊಟ್ಟ ಕೈಯಂತೂ ನನ್ನ ಕಣ್ಣ ಮುಂದಿನಿಂದ ಹೋಗಿಲ್ಲ.

‘ಬಾಯಾರ, ನಿಮ್ಮ ಪಾಳಿ’ ಎಂದು ಯಾರೋ ಭುಜ ಮುಟ್ಟಿದರು. ಶರಬತ್ತು ಕುಡಿಯದೆ ಹಾಗೇ ಇತ್ತು. ಬರೆದುಕೊಂಡು ಹೋದ ಭಾಷಣದಲ್ಲಿ ನನ್ನ ಸೇವೆಯ ಬಣ್ಣನೆ ಬಹಳವಿತ್ತು. ಅದನ್ನು ಮಡಚಿ ಚೀಲದಲ್ಲಿ ತುರುಕಿ, ಹೆಸರು ಊರು ಬಿಟ್ಟು, ನಿಮಗೆ ಹೇಳಿದ್ದನ್ನೇ ಅವರಿಗೂ ಹೇಳಿದೆ. ನರ್ಸುಗಳಿಗೆ, ಮಾಸ್ತರರಿಗೆ, ಪೊಲೀಸರಿಗೆ ಬೇರೆ ಬೇರೆ ಬುದ್ಧಿಮಾತು ನನ್ನಲ್ಲಿರಲಿಲ್ಲ. ಬಾಗಿಲು ಹಾಕಿ, ಕೇಳಿ, ಉತ್ತರಕ್ಕೆ ಕಾಯಿರಿ ಎಂದಷ್ಟೇ ಹೇಳಿದೆ.

ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. ಖಾಕಿ ಹಾಕಿದ ಹೊಸ ಕಾನ್‌ಸ್ಟೇಬಲ್. ‘ತಪ್ಪು ತಿಳೀಬ್ಯಾಡ್ರಿ ಬಾಯಾರ. ಕೋರ್ಟಿನ್ಯಾಗ ಯಾಕ ಹೇಳಲಿಲ್ರಿ?’

ಉತ್ತರಗಳಿಗೇನು ಬರವೇ? ಸರಕಾರಿ ನೌಕರಿ, ರಿಜಿಸ್ಟರಿನಲ್ಲಿದ್ದದ್ದನ್ನಷ್ಟೇ ಹೇಳಬೇಕೆಂಬ ನಿಯಮ, ವಕೀಲರು ಕೇಳಲಿಲ್ಲವೆಂಬ ನೆಪ. ಎಲ್ಲವೂ ಬಾಯಿಗೆ ಬಂದು ಬಂದು ಹೋದವು. ಯಾರಾದರೂ ‘ಕೆಲಸ ಹೋದೀತು ಅಂತ ಅಲ್ರಿ?’ ಎಂದಿದ್ದರೆ ‘ಹೂನ್ರಿ’ ಎಂದು ತಪ್ಪಿಸಿಕೊಳ್ಳುತ್ತಿದ್ದೆ. ಯಾರೂ ಅನ್ನಲಿಲ್ಲ. ಆ ಹುಡುಗಿ ನಿಂತೇ ಇದ್ದಳು.

‘ನನ್ನ ಹೆಸರು ಕೆಡತೈತಿ ಅಂತ ಅಂಜಿದೆವಾ’ ಎಂದೆ. ‘ಆಕಿ ಹೊಡತಾ ತಿನ್ನೂದು ಗೊತ್ತಿತ್ತು. ಗೊತ್ತಿದ್ದಽ ಸುಮ್ಮನಾದೆ.’

ಇಷ್ಟು ವರ್ಷ ಯಜಮಾನರಿಗೂ ಹೇಳದಿದ್ದ ಮಾತು ಅದು. ಆ ಹುಡುಗಿ ತಲೆಯಾಡಿಸಿ ಕುಳಿತಳು. ನೋಟುಪುಸ್ತಕ ತೆಗೆದು, ನಾನು ಹೇಳಿದ್ದನ್ನು ನಾನು ಹೇಳಿದ ಹಾಗೆಯೇ ಬರೆದುಕೊಂಡಳು.