ಕಾಯಿಹಾಲಿಗೆ ಬೆರೆಸಿದ ಎರಡು ಲೋಟ

ದೊಡ್ಡವರು ಹಾಲು ಕುಡಿಯಬೇಕೋ ಬೇಡವೋ ಎಂದು ಹೇಳುವುದಕ್ಕೆ ಈಗ ಎಲ್ಲರ ಫೋನಿನಲ್ಲೂ ಒಬ್ಬೊಬ್ಬ ಪಂಡಿತ ಕೂತಿದ್ದಾನೆ. ಒಬ್ಬ ಅಮೃತ ಅನ್ನುತ್ತಾನೆ, ಇನ್ನೊಬ್ಬ ವಿಷ ಅನ್ನುತ್ತಾನೆ. ಇಬ್ಬರನ್ನು ಕಂಡರೂ ನನಗೆ ಮೈ ಉರಿಯುತ್ತದೆ. ಆ ಮಾತನ್ನು ನಾನು ನನ್ನ ಮನೆಯಲ್ಲೇ ಪರೀಕ್ಷೆ ಮಾಡಿ ನೋಡಿದವನು. ಪರೀಕ್ಷೆಗೆ ಬಳಸಿದ ಹೊಟ್ಟೆ ಮಾತ್ರ ನನ್ನದಲ್ಲ, ನನ್ನ ಹೆಂಡತಿಯದು.

ಮದ್ದೂರಿನ ಹತ್ತಿರವೇ ಇರುವ ನಮ್ಮೂರ ಡೈರಿಯಲ್ಲಿ ನಾನು ಹಾಲು ಪರೀಕ್ಷೆ ಮಾಡುತ್ತೇನೆ. ದಿನಕ್ಕೆ ಎರಡು ಹೊತ್ತು, ಕ್ಯಾನು ಹಿಡಿದು ಸಾಲಾಗಿ ನಿಂತವರ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಡುವುದು, ಡಿಗ್ರಿ ಕಡಿಮೆ ಬಂದರೆ ಹಾಲು ವಾಪಸ್ಸು ಕಳಿಸುವುದು. ಆಣೆ ಪ್ರಮಾಣ ಮಾಡಿದವರೇ ನೀರು ಬೆರೆಸಿರುತ್ತಾರೆ. ಹೀಗಾಗಿ ಮನುಷ್ಯರ ಬಾಯಿಮಾತು ನಂಬುವ ಅಭ್ಯಾಸ ನನಗೆ ಎಂದೋ ಬಿಟ್ಟುಹೋಗಿತ್ತು. ಅದೇ ನನ್ನ ಬುದ್ಧಿವಂತಿಕೆ ಎಂದುಕೊಂಡು ಮೆರೆಯುತ್ತಿದ್ದೆ.

ನನ್ನ ಹೆಂಡತಿ ಪೂರಿಗಾಲಿಯವಳು. ಮದುವೆಯಾಗಿ ಮನೆ ತುಂಬಿಸಿಕೊಂಡ ದಿನ ಹಾಲು ಹಣ್ಣು ಕೊಟ್ಟೆವು. ಬೇಡ ಅನ್ನಲಾರದೆ ಕುಡಿದಳು. ಮಧ್ಯಾಹ್ನವೆಲ್ಲ ಹಿತ್ತಲಿನ ಕಕ್ಕಸು ಮನೆಗೆ ಓಡಾಡಿದಳು, ನೆಂಟರು ಮುಸಿಮುಸಿ ನಕ್ಕರು. ಆಮೇಲೆ ನನ್ನ ಹತ್ತಿರ, ದೊಡ್ಡವಳಾದ ಮೇಲಿಂದ ಹಾಲು ಕುಡಿದರೆ ಹೀಗೇ ಆಗುತ್ತದೆ, ಹೊಟ್ಟೆ ಉಬ್ಬರಿಸಿ ಭೇದಿಯಾಗುತ್ತದೆ ಎಂದಳು. ಮಂಡ್ಯದ ಒಬ್ಬ ಡಾಕ್ಟರಿಗೂ ತೋರಿಸಿದೆವು. ಹಾಲಿನಲ್ಲಿರುವ ಸಕ್ಕರೆ ಕೆಲವರಿಗೆ ದೊಡ್ಡವರಾದ ಮೇಲೆ ಅರಗುವುದಿಲ್ಲ, ಕಾಯಿಲೆಯೇನಲ್ಲ, ಹೆಪ್ಪು ಹಾಕಿದಾಗ ಆ ಸಕ್ಕರೆ ಎಷ್ಟೋ ಕಡಿಮೆಯಾಗುವುದರಿಂದ ಮೊಸರು ಮಜ್ಜಿಗೆ ತೊಂದರೆ ಮಾಡದಿರಬಹುದು ಎಂದು ಅವರು ಬಿಡಿಸಿ ಹೇಳಿದರು. ನಾನು ತಲೆಯಾಡಿಸಿ ಬಂದೆ. ಒಂದು ಅಕ್ಷರವನ್ನೂ ನಂಬಲಿಲ್ಲ.

ನಮ್ಮಮ್ಮ ಅಂತೂ ನೇರವಾಗಿಯೇ ಹೇಳಿಬಿಟ್ಟಳು. "ಮಜ್ಜಿಗೆ ಇಳೀತದೆ, ಮೊಸರು ಇಳೀತದೆ, ಆಲು ಮಾತ್ರ ಆಗಕಿಲ್ವಾ? ಎಲ್ಲಾ ಒಂದೇ ಅಸೀಂದು ತಾನೆ? ನಾಟ್ಕ ಕಣ್ಲಾ."

ಲೆಕ್ಕ ಸರಿಯಾಗಿದೆ ಅನ್ನಿಸಿತು. ಅದೇ ಹಸು, ಅದೇ ಹಾಲು. ಜೊತೆಗೆ ಡೈರಿಯ ಸಾಲಿನಲ್ಲಿ ನಿಂತವರಿಗೆ ಇದು ನಗೆಯ ಮಾತಾಗಿತ್ತು. ನನ್ನಿಂದ ಹಾಲು ವಾಪಸ್ಸು ತೆಗೆದುಕೊಂಡು ಹೋದವರೇ, ಇವನ ಮನೆ ಹಾಲು ಇವನ ಹೆಂಡತಿಗೇ ಆಗುವುದಿಲ್ಲವಂತೆ, ಅದೇನು ಬೆರೆಸುತ್ತಾನೋ ಎಂದು ನನಗೆ ಕೇಳುವ ಹಾಗೆ ಆಡಿಕೊಳ್ಳುತ್ತಿದ್ದರು. ನಾಚಿಕೆಗೇಡು ಅನ್ನಿಸುತ್ತಿತ್ತು. ಆ ಸಿಟ್ಟನ್ನು ಅವರ ಮೇಲೆ ತೀರಿಸಿಕೊಳ್ಳುವ ತಾಕತ್ತು ಇರಲಿಲ್ಲ.

ನನ್ನ ಹೆಂಡತಿ ಗೆಜ್ಜಲಗೆರೆಯ ಒಂದು ಬಟ್ಟೆ ಫ್ಯಾಕ್ಟರಿಯಲ್ಲಿ ಹೊಲಿಗೆ ಮೆಷಿನ್ನಿನ ಮುಂದೆ ಆರು ವರ್ಷ ಕೂತಿದ್ದಳು. ಹೋದ ವರ್ಷ ಅವಳು ಕೂರುವ ಮೆಷಿನ್ನುಗಳ ಸಾಲಿಗೆ ಸೂಪರ್‌ವೈಸರ್ ಬೇಕಾದಾಗ ಇವಳ ಹೆಸರು ಬಂತು. ಒಂದು ಸೋಮವಾರ ಬಟ್ಟೆ ಕೊಳ್ಳುವ ಕಂಪನಿಯವರು ನೋಡಲು ಬರುವವರಿದ್ದರು. ಅವತ್ತು ಸಾಲನ್ನು ಇವಳೇ ನಡೆಸಬೇಕು. ಸರಿಯಾಗಿ ನಡೆಸಿದರೆ ಕೆಲಸ ಇವಳದು, ಇಲ್ಲದಿದ್ದರೆ ಪಕ್ಕದ ಮೆಷಿನ್ನಿನವಳದು. ಭಾನುವಾರವೆಲ್ಲ ಬೀರುವಿನ ಕನ್ನಡಿ ಮುಂದೆ ನಿಂತು, ಬಂದವರಿಗೆ ಹೇಳಬೇಕಾದ ನಾಲ್ಕು ಇಂಗ್ಲಿಷ್ ಮಾತು ಉರು ಹೊಡೆದಳು. ನಾನು ಬಾಗಿಲಲ್ಲಿ ನಿಂತು ನಕ್ಕೆ. ಅವಳೂ ನಕ್ಕಳು.

ಆಗಲೇ ನನಗೆ ಹೊಳೆದದ್ದು. ಬೇರೆ ದಿನ ಹಾಲು ಕೊಟ್ಟರೆ ಹೊಟ್ಟೆ ನೋವೆಂದು ನಾಟಕ ಆಡಬಹುದು. ಸೋಮವಾರ ಮಾತ್ರ ಯಾವ ಕಾರಣಕ್ಕೂ ಆಡುವುದಿಲ್ಲ. ಏನಾದರೂ ಆದರೆ ನಿಜವಾಗಿಯೇ ಆಗಬೇಕು. ಇದಕ್ಕಿಂತ ಸರಿಯಾದ ಪರೀಕ್ಷೆಯ ದಿನ ಸಿಗುವುದಿಲ್ಲ ಅಂದುಕೊಂಡೆ. ತಿಳಿಯದೆ ಮಾಡಿದೆ ಅಂತ ಯಾರೂ ನನ್ನ ಪರವಾಗಿ ಹೇಳಬೇಡಿ. ತಿಳಿದೇ ಆ ದಿನ ಆರಿಸಿದೆ.

ಸೋಮವಾರ ಬೆಳಿಗ್ಗೆ, ಸೊಸೆಗೆ ಇಷ್ಟವೆಂದು ಅಮ್ಮ ಒತ್ತು ಶಾವಿಗೆ ಮಾಡಿ ಕಾಯಿಹಾಲು ತೆಗೆದಿದ್ದಳು. ತೆಂಗಿನಕಾಯಿ ರುಬ್ಬಿ ಹಿಂಡಿದ ಹಾಲು, ಅದಕ್ಕೆ ಬೆಲ್ಲ, ಏಲಕ್ಕಿ. ಹಸುವಿನ ಹಾಲು ಒಂದು ತೊಟ್ಟೂ ಇರುವುದಿಲ್ಲವೆಂದು ಅವಳು ಧೈರ್ಯವಾಗಿ ತಿನ್ನುತ್ತಿದ್ದ ಸಿಹಿ ಅದೊಂದೇ. ನಾನು ಡೈರಿಯಿಂದ ಬಂದವನೇ, ಒಲೆಯ ಪಕ್ಕ ಕಾಯಿಸಿ ಆರಿಸಿಟ್ಟಿದ್ದ ಹಾಲನ್ನು ಎರಡು ಲೋಟ, ಅವಳ ಪಾಲಿನ ಪಾತ್ರೆಗೆ ಸುರಿದು ಸೌಟಿನಲ್ಲಿ ತಿರುವಿದೆ. ಅಮ್ಮ ಹಿತ್ತಲಲ್ಲಿದ್ದಳು. ಇವಳು ತಲೆ ಬಾಚಿಕೊಳ್ಳುತ್ತಿದ್ದಳು. ಬಂದು ಕೂತು ತಿಂದಳು. ಇವತ್ತು ಕಾಯಿಹಾಲು ಚೆನ್ನಾಗಿದೆ ಅಂದು ಮತ್ತೊಂದು ಸಲ ಹಾಕಿಸಿಕೊಂಡಳು. ಬಡಿಸಿದವನು ನಾನೇ.

ಮುಂದಿನದನ್ನು ಅದೇ ಸಾಲಿನಲ್ಲಿ ಕೆಲಸ ಮಾಡುವ ನಮ್ಮ ಬೀದಿಯ ಹೆಂಗಸಿನಿಂದ ಕೇಳಿದೆ. ಬಸ್ಸಿನಲ್ಲೇ ಹೊಟ್ಟೆ ಹಿಡಿದುಕೊಂಡಿದ್ದಳಂತೆ. ಫ್ಯಾಕ್ಟರಿಯಲ್ಲಿ ಎರಡು ಸಲ ಕಕ್ಕಸಿಗೆ ಹೋಗಿ ಬಂದಳಂತೆ. ಮೂರನೆಯ ಸಲ ಹೋಗಲು ಆಗಲಿಲ್ಲ, ಬಂದವರು ಎದುರಿಗೇ ನಿಂತಿದ್ದರು. ಉರು ಹೊಡೆದಿದ್ದ ಮಾತನ್ನು ಹೇಳಲು ಶುರು ಮಾಡಿ ನಡುವೆ ನಿಲ್ಲಿಸಿದಳಂತೆ. ನಿಂತ ಜಾಗದಲ್ಲೇ ಆಗಿಹೋಯಿತು. ಬಂದವರು ಮೂಗು ಮುಚ್ಚಿಕೊಂಡು ಪಕ್ಕದ ಸಾಲಿಗೆ ಹೋದರು. ಜೊತೆಯವರು ಕತ್ತರಿಸಿಟ್ಟ ಬಟ್ಟೆಯ ತುಂಡೊಂದನ್ನು ಇವಳ ಸೊಂಟಕ್ಕೆ ಸುತ್ತಿ, ಆಟೋ ಹತ್ತಿಸಿ ಕಳಿಸಿದರು.

ನಾನು ಮನೆಗೆ ಬಂದಾಗ ಅವಳು ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಹೇಳಲು ಅಸಹ್ಯವಾಗುತ್ತದೆ, ಆದರೂ ಹೇಳುತ್ತೇನೆ. ಮೊದಲು ನನಗೆ ಅನ್ನಿಸಿದ್ದು ಅಯ್ಯೋ ಎಂದಲ್ಲ. ಫಲಿತಾಂಶ ಬಂತು ಎಂದು.

"ಅಂಗಾರೆ ನೀನು ಯೋಳ್ತಿದ್ದಿದ್ದು ನಿಜಾನೇ ಕಣಮ್ಮಿ" ಅಂದೆ.

ಒಗೆಯುವುದನ್ನು ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಅರ್ಥವಾಗುತ್ತ ಬಂದದ್ದು ನನಗೆ ಕಾಣುತ್ತಿತ್ತು.

"ಎಷ್ಟು ಆಕಿದ್ರಿ?"

ಎರಡು ಲೋಟ ಅಂದೆ.

"ಕೇಳಿದ್ರೆ ನಾನೇ ಕುಡ್ದು ತೋರುಸ್ತಿದ್ನಲ್ಲ" ಅಂದಳು. "ಭಾನ್ವಾರ."

ಅಷ್ಟೇ. ಅಳಲಿಲ್ಲ, ಕೂಗಾಡಲಿಲ್ಲ, ತವರಿಗೂ ಹೋಗಲಿಲ್ಲ. ಕೆಲಸ ಪಕ್ಕದ ಮೆಷಿನ್ನಿನವಳಿಗೆ ಹೋಯಿತು. ಇವಳು ಎಂಟು ದಿನ ಬಿಟ್ಟು ಅದೇ ಮೆಷಿನ್ನಿಗೆ ವಾಪಸ್ಸು ಹೋದಳು. ಅಲ್ಲಿ ಅವಳನ್ನು ಏನೆಂದು ಕರೆಯುತ್ತಾರೆ ಎಂಬುದು ಊರಿಗೆಲ್ಲ ಗೊತ್ತು, ನಾನು ಅದನ್ನು ಬರೆಯುವುದಿಲ್ಲ. ಅಂದಿನಿಂದ ಅವಳು ತಾನೇ ಬೇಯಿಸಿ, ತಾನೇ ಬಡಿಸಿಕೊಂಡದ್ದನ್ನು ಮಾತ್ರ ತಿನ್ನುತ್ತಾಳೆ. ನಾನು ಲೋಟದಲ್ಲಿ ನೀರು ಕೊಟ್ಟರೆ ಗಿಡಕ್ಕೆ ಚೆಲ್ಲಿ, ಲೋಟ ತೊಳೆದು, ತಾನೇ ತುಂಬಿಸಿಕೊಳ್ಳುತ್ತಾಳೆ. ನಾಟಕ ಅಂದದ್ದಕ್ಕೆ ಅಮ್ಮ ಕ್ಷಮೆ ಕೇಳಿದಳು, ಸಿಕ್ಕಿತು. ನಾನಿನ್ನೂ ಕೇಳಿಲ್ಲ, ಕೇಳುವ ಮುಖ ಇಲ್ಲ.

ಮೊನ್ನೆ ನನಗೆ ಜ್ವರ ಬಂದು ಮಲಗಿದ್ದೆ. ಅವಳು ರಾಗಿ ಗಂಜಿ ಕಾಯಿಸಿ ತಂದಳು. ಪಕ್ಕದಲ್ಲಿ ಕೂತು, ಬಟ್ಟಲು ನನಗೆ ಕೊಡುವ ಮೊದಲು, ನನ್ನ ಕಣ್ಣೆದುರಿಗೇ ಒಂದು ಚಮಚ ತಾನು ಕುಡಿದಳು. ನುಂಗಿದ್ದು ನನಗೆ ಕಾಣಲೆಂದು ಸ್ವಲ್ಪ ಕಾದಳು.

"ಏನೂ ಬೆರ್ಸಿಲ್ಲ" ಅಂದಳು. "ಕುಡೀರಿ."