ಜುಂಜಪ್ಪ ಸರಿಸಿದ ಕಲ್ಲು

ಬೊಮ್ಮನಹಾಳ್ ಕಡೆ, ಹಗರಿ ಹೊಳೆಯ ದಂಡೆಯ ಆ ಊರಿನಲ್ಲಿ ಜುಂಜಪ್ಪನಷ್ಟು ಅಚ್ಚುಕಟ್ಟಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಐವತ್ತೆಂಟು ವರ್ಷ, ಎಪ್ಪತ್ತು ಕುರಿ, ಹೆಗಲ ಮೇಲೊಂದು ಕಂಬಳಿ. ಗೊಬ್ಬರಕ್ಕೆಂದು ಯಾರ ಹೊಲದಲ್ಲಿ ರಾತ್ರಿ ಸುತ್ತ ಬಲೆ ಕಟ್ಟಿ ಕುರಿ ತರುಬಿದರೂ, ದಿನಾ ಬೆಳಿಗ್ಗೆ ಬಲೆಯ ಗೂಟಗಳನ್ನು ಕಿತ್ತು ಹತ್ತು ಹೆಜ್ಜೆ ಆಚೆಗೆ ನೆಡುತ್ತಿದ್ದ. ಹತ್ತು ಅಂದರೆ ಹತ್ತೇ. ಹೊಲದ ಯಾವ ಮೂಲೆಗೂ ಗೊಬ್ಬರ ತಪ್ಪುತ್ತಿರಲಿಲ್ಲ.

ಮರಳಿನ ಫೋಟೋ ತೆಗೆಯುವ ಕೆಲಸ ಊರಿಗೆ ಬಂದಾಗ ಎಲ್ಲರೂ ಅವನನ್ನೇ ತೋರಿಸಿದ್ದು ಅದಕ್ಕೇ.

ಹೊಳೆಯಲ್ಲಿ ನೀರಿಲ್ಲದ ತಿಂಗಳುಗಳಲ್ಲಿ ಗಾಳಿ ಅಲ್ಲಿನ ಮರಳನ್ನು ಎತ್ತಿ ತಂದು ಹೊಲಗಳ ಮೇಲೆ ಸುರಿಯುತ್ತದೆ. ದಿಬ್ಬ ಬೆಳೆಯುತ್ತದೆ, ಮುಂದೆ ಬರುತ್ತದೆ. ರಾಯದುರ್ಗದ ಒಂದು ಸಂಸ್ಥೆಯಿಂದ ಆಶಾರಾಣಿ ಎಂಬ ಹುಡುಗಿ ಸ್ಕೂಟಿಯಲ್ಲಿ ಬಂದು, ಎರಡು ವರ್ಷ ಊರೂರಿನಲ್ಲಿ ಫೋಟೋ ತೆಗೆಸಿ, ಮರಳು ಎಲ್ಲಿ ಹೆಚ್ಚು ಮುಂದೆ ಬಂದಿದೆಯೋ ಅಲ್ಲಿಗೆ ಮೊದಲು ಗಿಡಗಳ ಬೇಲಿ ಹಾಕಿಸುತ್ತೇವೆ ಎಂದಳು. ಜುಂಜಪ್ಪನ ತಂಗಿ ಬೊಮ್ಮಕ್ಕನ ಶೇಂಗಾ ಹೊಲಕ್ಕೂ ದಿಬ್ಬಕ್ಕೂ ನಡುವೆ ಎದೆಮಟ್ಟದ ಒಂದು ಕಲ್ಲು ನೆಡಿಸಿದಳು. ಅದರ ತಲೆಯ ಮೇಲೆ ಫೋನು ಕೂರಿಸಲು ಒಂದು ಕಬ್ಬಿಣದ ಚೌಕಟ್ಟು.

"ಜುಂಜಪ್ಪಣ್ಣ, ತಿಂಗಳಿಗೊಂದು ಫೋಟೋ. ಫೋನು ಈ ಕಲ್ಲಿನ ಮ್ಯಾಲೇ ಕುಂದ್ರಬೇಕು. ಕೈಯಾಗ ಹಿಡ್ದು ತೆಗೀಬ್ಯಾಡ್ರಿ."

"ಹೌದ್ರಿ ಮೇಡಂ. ಕೈಯಾಗ ಹಿಡಿಯೋ ಮಾತೇ ಇಲ್ರಿ."

ಮೊದಲ ದಿನ ಬೊಮ್ಮಕ್ಕ ಹೊಸ ಸೀರೆ ಉಟ್ಟು ಕಲ್ಲಿನ ಮುಂದೆ ಬಂದು ನಿಂತಿದ್ದಳು.

"ಸರೀ ಆಕಡಿ. ನಿನ್ ಪಟ ಅಲ್ಲ ಬೇಕಾಗಿದ್ದು, ಉಸುಕಿಂದು."

"ಉಸುಕಿಗಿಂತ ಕಡೆ ಆದ್ನೇನೋ ನಾನು?"

"ಉಸುಕು ಬಾಯಿ ಮುಚ್ಕಂಡು ಕುಂದ್ರತೈತವ್ವ."

ಆಷಾಢ ಬಂತು. ಗಾಳಿ ಬೀಸಿದ್ದೇ ಬೀಸಿದ್ದು. ಆ ತಿಂಗಳು ಜುಂಜಪ್ಪ ಹೋಗಿ ನೋಡಿದರೆ ಕಲ್ಲು ಮೊಣಕಾಲುಮಟ್ಟ ಮರಳಲ್ಲಿ ಮುಳುಗಿ ನಿಂತಿತ್ತು. ಫೋನು ಕೂರಿಸಿದರೆ ಮರಳಿನ ಏರೊಂದೇ ಮೂಗಿಗೆ ತಾಗುವಂತೆ ಕಾಣುತ್ತಿತ್ತು, ಆಕಾಶ ಬೆರಳಗಲ. ಇಂಥ ಪಟ ಕಳಿಸಿದರೆ ಆ ಹುಡುಗಿ ಏನಂದುಕೊಂಡಾಳು? ಅವನು ಸನಿಕೆ ತಂದ, ಕಲ್ಲು ಕಿತ್ತ, ಹತ್ತು ಹೆಜ್ಜೆ ಹಿಂದಕ್ಕೆ ಎಣಿಸಿ ನೆಟ್ಟ. ನಲವತ್ತು ವರ್ಷದಿಂದ ದಿನಾ ಮಾಡಿದ ಕೆಲಸ, ಕೈ ಯೋಚನೆ ಮಾಡಲೇ ಇಲ್ಲ. ಬೊಮ್ಮಕ್ಕನೂ ಶೇಂಗಾ ಸಾಲಿನಲ್ಲಿ ನಿಂತು ನೋಡಿದಳು. ಅವಳಿಗೂ ಅದು ತಪ್ಪೆನಿಸಲಿಲ್ಲ. ಗೂಟ ಇರುವುದೇ ಸರಿಸುವುದಕ್ಕೆ.

ಆಶಾರಾಣಿ ಫೋನು ಮಾಡಿದಳು. "ಎಲ್ಲಾ ಊರಿಗಿಂತ ನಿಮ್ ಫೋಟೋನೇ ನೀಟಾಗಿ ಬರ್ತಾವ್ರಿ!"

ಆ ಒಂದು ಮಾತಿಗೆ ಜುಂಜಪ್ಪ ವಾರವೆಲ್ಲ ಎದೆ ಸೆಟೆಸಿ ಓಡಾಡಿದ. ಆಮೇಲೆ ಮರಳು ಹತ್ತಿರ ಬಂದಾಗಲೆಲ್ಲ ಕಲ್ಲು ಹಿಂದಕ್ಕೆ ಹೋಯಿತು, ಬೊಮ್ಮಕ್ಕನ ಹೊಲದ ಒಳಕ್ಕೇ ಹೋಯಿತು.

ಎರಡು ವರ್ಷ ತುಂಬಿದಾಗ ರಾಯದುರ್ಗದಲ್ಲಿ ಸಭೆ ಕರೆದರು. ಅಣ್ಣ ತಂಗಿ ಜೊತೆಯಾಗಿ ಆಟೋ ಹತ್ತಿದರು. ಗೋಡೆಯ ಮೇಲೆ ಪ್ರತಿ ಊರಿನ ಮೊದಲ ಫೋಟೋ, ಕೊನೆಯ ಫೋಟೋ ಪಕ್ಕಪಕ್ಕದಲ್ಲಿ ಬಂದವು. ಆಚೆ ದಂಡೆಯ ಊರಿನಲ್ಲಿ ಒಂದು ಕರೆಂಟು ಕಂಬ ಸೊಂಟದವರೆಗೆ ಹೂತಿತ್ತು. ಗಿಡಗಳು ಆ ಊರಿಗೆ ಎಂದು ತೀರ್ಮಾನವಾಯಿತು. ಜುಂಜಪ್ಪನ ಎರಡು ಫೋಟೋಗಳು ಅವಳಿ ಕುರಿಮರಿಗಳ ಹಾಗಿದ್ದವು.

"ಈ ಊರಾಗ ಉಸುಕು ಕದಲಿಲ್ಲ," ಎಂದಳು ಆಶಾರಾಣಿ. "ಖುಷಿ ವಿಷಯ."

ಬೊಮ್ಮಕ್ಕ ಎದ್ದು ನಿಂತಳು. "ಯಾಕ ಕದಲಿಲ್ಲ ಮೇಡಂ? ನನ್ ಹೊಲ ಅರ್ಧ ನುಂಗೈತಿ! ಬಂದು ನೋಡ್ರಿ!"

"ಫೋಟೋದಾಗ ಹಂಗ ಕಾಣ್ತಿಲ್ಲಮ್ಮ. ಕಲ್ಲು ಅಲ್ಲೇ ಐತಿ, ಉಸುಕೂ ಅಲ್ಲೇ ಐತಿ."

ಜುಂಜಪ್ಪ ಗೋಡೆಯ ಮೇಲಿನ ಎರಡೂ ಪಟಗಳನ್ನು ಮತ್ತೊಮ್ಮೆ ನೋಡಿದ. ಕಲ್ಲು ಅಲ್ಲೇ ಇಲ್ಲ, ಅದಕ್ಕೇ ಎರಡೂ ಒಂದೇ ಥರ ಕಾಣುತ್ತಿವೆ ಎಂಬುದು ಆ ಸಭೆಯಲ್ಲಿ ಅವನೊಬ್ಬನಿಗೇ ಹೊಳೆಯಿತು. ಸುಮ್ಮನಿದ್ದರೆ ತಂಗಿ ಎಲ್ಲರೆದುರು ಸುಳ್ಳಿಯಾಗುತ್ತಾಳೆ. ಅವನು ಎದ್ದ.

"ಕಲ್ಲು ನಾನೇ ಸರಿಸೀನ್ರಿ."

"ಏನ್ರಿ?"

"ಉಸುಕು ಬಂದಾಗೆಲ್ಲ ಹಿಂದಕ ನೆಟ್ಟೀನ್ರಿ. ಪಟ ಚಂದ ಬರ್ಲಿ ಅಂತ."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಶಾರಾಣಿ ನಗಲಿಲ್ಲ. "ಎಷ್ಟು ಸಲ?" ಎಂದು ಕೇಳಿದಳು. ಎಪ್ಪತ್ತು ಕುರಿಗಳನ್ನು ಕಣ್ಣು ಹಾಯಿಸಿಯೇ ಎಣಿಸುವವನು "ಆರೋ, ಏಳೋ" ಎಂದು ತಡವರಿಸಿದ.

ಮಾರನೆಯ ದಿನ ಅವಳು ಊರಿಗೆ ಬಂದಳು. ಕಲ್ಲು ಮೊದಲು ನೆಟ್ಟಿದ್ದ ಗುಂಡಿ ಸಿಕ್ಕರೆ ಮರಳು ಅಲ್ಲಿಂದ ಎಷ್ಟು ಮುಂದೆ ಬಂದಿದೆ ಎಂದು ಅಳೆದು ಮೇಲಿನವರಿಗೆ ಬರೆಯಬಹುದಿತ್ತು. ಜುಂಜಪ್ಪ ಮಧ್ಯಾಹ್ನದವರೆಗೆ ದಿಬ್ಬದ ಮೇಲೆ ಕೋಲು ಚುಚ್ಚುತ್ತಾ ನಡೆದ. ಚುಚ್ಚಿದಲ್ಲೆಲ್ಲ ಮರಳು, ಕೋಲು ತೆಗೆದ ಕೂಡಲೇ ತೂತೂ ಮುಚ್ಚಿಕೊಳ್ಳುತ್ತಿತ್ತು.

"ಕೀಳಬ್ಯಾಡ್ರಿ ಅಂತ ನಾನೇ ಹೇಳ್ಬೇಕಿತ್ತು," ಎಂದಳು ಆಶಾರಾಣಿ. "ಕಲ್ಲು ಯಾರಾದ್ರೂ ಕೀಳ್ತಾರಂತ ನನಗ ಹೊಳೀಲೇ ಇಲ್ಲ. ಮತ್ತ ಮೊದ್ಲಿಂದ ಎರಡ್ ವರ್ಷ ತೆಗೀಬೇಕ್ರಿ."

ಹೊಲದಲ್ಲಿ ಉಳಿದ ಅರ್ಧದ ಅಂಚಿಗೆ ಹೊಸ ಕಲ್ಲು ಬಂತು. ಈ ಸಲ ಬುಡಕ್ಕೆ ಸಿಮೆಂಟು. ಬೊಮ್ಮಕ್ಕನೇ ನೀರು ಹೊತ್ತು ತಂದು ಕಲಸಿದಳು. ಜುಂಜಪ್ಪನಿಗೆ ತಡೆಯಲಾಗಲಿಲ್ಲ.

"ಬೈದ್ಬಿಡವ್ವ ಒಂದ್ಸಲ."

"ಬೈದ್ರ ಉಸುಕು ಹಿಂದಕ ಹೋಗತೈತೇನಣ್ಣ?"

ಮೊದಲ ತಿಂಗಳು ಅವನು ನಿಂತು ಫೋಟೋ ತೆಗೆದ. ಎರಡನೇ ತಿಂಗಳು ಕಲ್ಲಿನ ಪಾದ ಮುಚ್ಚಿತ್ತು. ಮೂರನೆಯದು ಆಷಾಢ. ಕಲ್ಲು ಅರ್ಧಕ್ಕೆ ಮುಳುಗಿತ್ತು. ಅವನ ಕೈ ತಾನಾಗಿಯೇ ಅದನ್ನು ಹಿಡಿದು ಅಲ್ಲಾಡಿಸಿ ನೋಡಿತು. ಕೈ ಬಿಟ್ಟು, ಮಂಡಿಯೂರಿ ಕೂತು, ಚೌಕಟ್ಟಿನಲ್ಲಿ ಫೋನು ಇಟ್ಟ. ಮರಳೇ ಮರಳು. ಹಾಗೇ ಕಳಿಸಿದ.

"ಕಳ್ಸಿದೇನಣ್ಣ?" ಬೊಮ್ಮಕ್ಕ ಹಿಂದಿನಿಂದ ಕೇಳಿದಳು.

"ಕಳ್ಸಿದೆ."

"ಇನ್ನೆಷ್ಟು ಕಳಿಸ್ಬೇಕು?"

"ಇಪ್ಪತ್ತೊಂದು."

ಬೊಮ್ಮಕ್ಕ ಉಳಿದ ಹೊಲವನ್ನು ಕಣ್ಣಲ್ಲೇ ಒಮ್ಮೆ ಅಳೆದಳು. ಆಮೇಲೆ ಸೆರಗು ಸಿಕ್ಕಿಸಿ ಬಗ್ಗಿ, ಮರಳು ಮುಚ್ಚುವ ಮೊದಲೇ ಅದರ ಹತ್ತಿರದ ಸಾಲಿನ ಇನ್ನೂ ಬಲಿಯದ ಶೇಂಗಾ ಗಿಡಗಳನ್ನು ಒಂದೊಂದಾಗಿ ಕೀಳತೊಡಗಿದಳು.