ಬುರುಡೆಯ ತಳದ ಕಹಿ

ಗಿಡಮೂಲಿಕೆಯ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷದಿಂದ ಸೋಸುವ ಕೆಲಸ ಮಾಡುತ್ತಿದ್ದ ಆ ಹೆಂಗಸನ್ನು ಅಲ್ಲಿ ಎಲ್ಲರೂ ಚಿಕ್ಕಮ್ಮ ಎಂದೇ ಕರೆಯುತ್ತಿದ್ದರು. ಯಾರಿಗೆ ಚಿಕ್ಕಮ್ಮ ಎಂದು ಕೇಳಿದರೆ, ಅವಳಿಗಿಂತ ಎರಡು ವರ್ಷ ದೊಡ್ಡವನಾದ ಡ್ರೈವರಿಗೂ ಚಿಕ್ಕಮ್ಮನೇ. ಎಲೆಯೋ ಬೇರೋ ಸಿಪ್ಪೆಯೋ, ಏನೇ ಬರಲಿ, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ಎರಡು ದಿನ ನೆನೆಹಾಕಿ, ಮೊದಲು ಬಟ್ಟೆಯಲ್ಲಿ, ಆಮೇಲೆ ಕಾಗದದಲ್ಲಿ ಸೋಸುತ್ತಿದ್ದಳು. ಸೋಸಿದ್ದನ್ನು ಬಿಸಿನೀರಿನ ಮೇಲೆ ಗಿರಗಿರ ತಿರುಗುವ ಗಾಜಿನ ಬುರುಡೆಗೆ ಸುರಿದರೆ ಸ್ಪಿರಿಟ್ಟೆಲ್ಲ ಆವಿಯಾಗಿ ಹೋಗಿ, ತಳದಲ್ಲಿ ಬೆಲ್ಲದ ಪಾಕದಂಥ ಕಂದು ಸಾರ ಉಳಿಯುತ್ತಿತ್ತು. ಎರಡು ಕಿಲೋ ಸಿಪ್ಪೆಗೆ ಒಂದು ಲೋಟ ಬಂದರೆ ಹೆಚ್ಚು.

ಹಣ್ಣಿನ ಹಳದಿ, ಹೂವಿನ ಬಣ್ಣ, ಸಿಪ್ಪೆಯ ಕಹಿ, ಇದರಲ್ಲೆಲ್ಲ ಫ್ಲೇವನಾಯ್ಡ್ ಅನ್ನುವ ಪದಾರ್ಥ ಇರುತ್ತದೆ ಎಂದು ಲ್ಯಾಬಿನ ಮುಖ್ಯಸ್ಥೆ ಮೇಡಂ ಅವಳಿಗೆ ಹೇಳಿಕೊಟ್ಟಿದ್ದರು. ಚಿಕ್ಕಮ್ಮನ ಬಾಯಲ್ಲಿ ಅದು ಫ್ಲೇವನಯ್ಯ ಆಗಿಬಿಟ್ಟಿತ್ತು. "ಈ ಸಲ ಫ್ಲೇವನಯ್ಯನೋರು ದಪ್ಪಗೆ ಇಳಿದಿದಾರೆ ಮೇಡಂ" ಎಂದು ಮನೆಗೆ ಬಂದ ಬೀಗರ ಸುದ್ದಿ ಹೇಳುವ ಧಾಟಿಯಲ್ಲಿ ವರದಿ ಒಪ್ಪಿಸುವಳು.

ಮೇಡಂಗೆ ಗೊತ್ತಿಲ್ಲದ ಒಂದು ಪದ್ಧತಿ ಆ ಲ್ಯಾಬಿನಲ್ಲಿತ್ತು. ತೂಕ ಬರೆದುಕೊಂಡಾದ ಮೇಲೆ ಬುರುಡೆಯ ಗೋಡೆಗೆ ಅಂಟಿದ್ದು ತೊಳೆಯುವವರ ಪಾಲು. ಅದನ್ನು ಕೆರೆದು ಪುಟ್ಟ ಡಬ್ಬಿಗೆ ತುಂಬಿಕೊಂಡು ಮನೆಗೆ ಒಯ್ಯುತ್ತಿದ್ದರು. ಅಷ್ಟು ಕಷ್ಟಪಟ್ಟು ಇಳಿಸಿದ್ದನ್ನು ಮೋರಿಗೆ ಚೆಲ್ಲಲು ಯಾರಿಗೆ ಮನಸ್ಸು ಬರುತ್ತದೆ? ತಪ್ಪು ಎಂದು ಯಾರಿಗೂ ಅನ್ನಿಸಿರಲಿಲ್ಲ. ಚಿಕ್ಕಮ್ಮನಿಗಂತೂ ಇಲ್ಲವೇ ಇಲ್ಲ.

ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ಗಂಡ ತೀರಿಕೊಂಡ ಮೇಲೆ ತಂಗಿಯ ಜೊತೆಗೇ ಬಂದಿದ್ದು, ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ನಾಲ್ಕು ವರ್ಷದಿಂದ ಬೆಳಿಗ್ಗೆ ಒಂದು ಬಿಪಿ ಮಾತ್ರೆ. ಸಂಜೆಯಾದರೆ ಪಾದ ಸ್ವಲ್ಪ ಊದುತ್ತಿತ್ತು. ಆ ತಿಂಗಳು ಲ್ಯಾಬಿನಲ್ಲಿ ಚಕ್ಕೋತದ ಸಿಪ್ಪೆಯ ಕೆಲಸ ನಡೆದಿತ್ತು. ಪರೀಕ್ಷೆಗೆ ಆ ಸಾರ ಕೊಟ್ಟ ಇಲಿಯ ಕಾಲಿನ ಊತ ಅರ್ಧಕ್ಕೆ ಇಳಿದಿದೆ ಎಂದು ಮೇಡಂ ಹೇಳಿದ್ದೇ ತಡ, ಚಿಕ್ಕಮ್ಮನ ಕಿವಿ ನೆಟ್ಟಗಾಯಿತು. ಅಂದೇ ಡಬ್ಬಿ ಮನೆಗೆ ಬಂತು. ದಿನಾ ಸಂಜೆ ಬಟಾಣಿಯಷ್ಟು ಸಾರವನ್ನು ಬಿಸಿನೀರಿನಲ್ಲಿ ಕಲಸಿ ಅಕ್ಕನಿಗೆ ಕೊಡತೊಡಗಿದಳು. ನಾಲ್ಕನೆಯ ದಿನ ನೋಡಿದರೆ ಊತ ಜಾಸ್ತಿಯಾಗಿತ್ತು. ಬುದ್ಧಿ ಇದ್ದವರು ಅಲ್ಲಿಗೆ ನಿಲ್ಲಿಸುತ್ತಿದ್ದರು. ಇವಳು ಎರಡು ಬಟಾಣಿ ಮಾಡಿದಳು.

"ಇಲಿಗೆ ಸಾಕಾಗಿದ್ದು ನಿಂಗೆಲ್ಲಿ ಸಾಕಾಗುತ್ತೆ ಅಕ್ಕಾ? ಕುಡಿ, ಮೂಗು ಮುಚ್ಕೊಂಡು ಕುಡಿ."

ಎಂಟನೆಯ ದಿನ ಮಧ್ಯಾಹ್ನ ಮೇಡಂ ಒಂದು ಕಾಗದ ಹಿಡಿದು ಬಂದರು. ಚಕ್ಕೋತದ ಸಾರವನ್ನು ಇನ್ನು ಮನುಷ್ಯರಿಗೆ ಕೊಟ್ಟು ನೋಡಬೇಕು. ಯಾರಿಗೆ ಕೊಡಬಾರದು ಎಂಬ ಪಟ್ಟಿ ಅದರಲ್ಲಿತ್ತು.

"ಬಿಪಿ ಮಾತ್ರೆ ತಗೊಳ್ಳೋರನ್ನ ಸೇರಿಸ್ಲೇಬಾರದು" ಎಂದರು. "ಕೆಲವು ಮಾತ್ರೆಗಳನ್ನ ದೇಹ ಕರಗಿಸಿ ಹೊರಗೆ ಹಾಕೋದನ್ನ ಈ ಸಿಪ್ಪೆಯಲ್ಲಿರೋದು ತಡೆದುಬಿಡುತ್ತೆ. ಫ್ಲೇವನಾಯ್ಡ್ ಒಂದೇ ಅಲ್ಲ, ಅದರ ಜೊತೆಗಿರೋವು ಇನ್ನೂ ಜಾಸ್ತಿ. ಒಂದು ಮಾತ್ರೆ ನುಂಗಿದ್ರೆ ಮೂರು ನುಂಗಿದ ಹಾಗೆ. ಬಿಪಿ ಪಾತಾಳಕ್ಕೆ ಹೋಗುತ್ತೆ."

ಚಿಕ್ಕಮ್ಮ ಕೈಯಲ್ಲಿದ್ದ ಸೋಸುವ ಬಟ್ಟೆಯನ್ನು ಕೆಳಗಿಟ್ಟಳು. "ಕಾಲು ಊದುತ್ತಾ ಮೇಡಂ?"

"ಊದಬಹುದು. ಯಾಕೆ?"

ಅವಳು ಲ್ಯಾಬಿನ ಹಿತ್ತಲ ಬಾಗಿಲ ಬಳಿ ನಿಂತು ಅಕ್ಕನಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದಳು. ಯಂತ್ರದ ಸದ್ದಿಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡಳು. ಐದನೆಯ ಸಲಕ್ಕೆ ಹಾಗೆ ಅಂದುಕೊಳ್ಳಲೂ ಆಗಲಿಲ್ಲ. ಏಪ್ರನ್ ಬಿಚ್ಚುವುದನ್ನೂ ಮರೆತು ಆಟೋ ಹತ್ತಿದಳು. ದಾರಿಯಲ್ಲಿ ಸಿಕ್ಕ ಪ್ರತಿ ಸಿಗ್ನಲ್ಲೂ ಕೆಂಪು. ದೇವರೇ, ದೇವರೇ ಎಂಬುದನ್ನು ಬಿಟ್ಟು ಬೇರೆ ಮಾತು ಬಾಯಿಗೆ ಬರಲಿಲ್ಲ.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಬರೀ ಮುಂದೆ ಮಾಡಿತ್ತು. ಅಕ್ಕ ಯಂತ್ರದ ಪಕ್ಕ ನೆಲದ ಮೇಲೆ ಬಿದ್ದಿದ್ದಳು. ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು ಹಾಗೇ ಇತ್ತು. ಮೈ ತಣ್ಣಗೆ, ಹಣೆಯೆಲ್ಲ ಬೆವರು. ಕೈ ಹಿಡಿದು ನೋಡಿದರೆ ನಾಡಿ ಸಿಗಲೊಲ್ಲದು. ಚಿಕ್ಕಮ್ಮ ಕಿರುಚಿದ್ದು ಕೇಳಿ ಪಕ್ಕದ ಮನೆಯವರು ಓಡಿಬಂದರು, ಆಟೋದವನೇ ಎತ್ತಿ ಕೂರಿಸಿಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರು ಬಿಪಿ ನೋಡಿ ಹುಬ್ಬು ಗಂಟಿಕ್ಕಿದರು. "ಮಾತ್ರೆ ಬಿಟ್ಟು ಬೇರೆ ಏನಾದ್ರೂ ಕೊಟ್ಟಿದ್ರಾ?"

ಚಿಕ್ಕಮ್ಮ ಬಾಯಿ ತೆರೆಯುವ ಮುಂಚೆ ಅಕ್ಕನೇ ಅರೆಗಣ್ಣು ಬಿಟ್ಟು "ಏನೂ ಇಲ್ಲ ಡಾಕ್ಟ್ರೇ, ಮಾತ್ರೆ ಅಷ್ಟೇ" ಎಂದಳು.

ತಂಗಿಯ ಕೆಲಸ ಹೋಗದಿರಲಿ ಎಂದು ಆಡಿದ ಸುಳ್ಳು ಅದು. ಚಿಕ್ಕಮ್ಮನಿಗೆ ಅದು ಕ್ಷಣದಲ್ಲಿ ಅರ್ಥವಾಯಿತು. ಸುಮ್ಮನಿದ್ದರೆ ಇಪ್ಪತ್ತೆರಡು ವರ್ಷದ ಕೆಲಸ ಉಳಿಯುತ್ತಿತ್ತು. ಆದರೆ ಅಕ್ಕನ ತುಟಿ ಬಿಳಿಚಿಕೊಂಡಿತ್ತು.

"ಸುಳ್ಳು ಡಾಕ್ಟ್ರೇ" ಎಂದಳು. "ನಾನು ಕೊಟ್ಟಿದೀನಿ. ಚಕ್ಕೋತದ ಸಿಪ್ಪೆ ಸಾರ. ಮೊದಲು ಬಟಾಣಿಯಷ್ಟು, ಆಮೇಲೆ ಅದರ ಎರಡರಷ್ಟು. ಏಳು ದಿನ. ಲ್ಯಾಬಿಂದ ಕದ್ದು ತಂದಿದ್ದು."

ಕದ್ದು ಎಂಬ ಮಾತು ಅಷ್ಟು ವರ್ಷದಲ್ಲಿ ಅವಳ ಬಾಯಿಂದ ಬಂದದ್ದು ಅದೇ ಮೊದಲು. ಸಾರ ಎಷ್ಟು ಗಟ್ಟಿ ಎಂದು ಡಾಕ್ಟರು ಕೇಳಿದಾಗ ಅವಳೇ ಮೇಡಂಗೆ ಫೋನ್ ಹಚ್ಚಿ ನಡೆದದ್ದನ್ನೆಲ್ಲ ಹೇಳಿದಳು. ಮೇಡಂ "ಫೋನ್ ಡಾಕ್ಟ್ರಿಗೆ ಕೊಡಿ" ಎಂದರು, ಅಷ್ಟೇ.

ಮರುದಿನ ಬೆಳಿಗ್ಗೆ ಅಕ್ಕನ ಮುಖಕ್ಕೆ ಬಣ್ಣ ಬಂತು. ಗಂಡಾಂತರ ಕಳೆಯಿತು ಎಂದು ಡಾಕ್ಟರು ಹೇಳಿ ಹೋದರು. ಚಿಕ್ಕಮ್ಮ ಹಾಸಿಗೆಯ ಅಂಚಿನಲ್ಲಿ ಕುಳಿತು ಗಳಗಳನೆ ಅತ್ತಳು.

"ಮೂರು ದಿನದಿಂದ ಕಣ್ಣು ಕತ್ತಲೆ ಬರ್ತಿತ್ತು ಕಣೇ" ಎಂದಳು ಅಕ್ಕ. "ಸೂಜಿಗೆ ದಾರ ಪೋಣಿಸೋಕೂ ಆಗ್ತಿರಲಿಲ್ಲ."

"ಮತ್ತೆ ಹೇಳೋಕೇನಾಗಿತ್ತು? ಬಾಯಿ ಬಿದ್ದೋಗಿತ್ತಾ?"

"ಹೇಗೆ ಹೇಳ್ಲಿ? ಕೆಲಸದಿಂದ ಬಂದೋಳು ನೀರೂ ಕುಡಿಯದೆ ನಂಗೆ ಕಲಸಿ ಕೊಡ್ತಿದ್ದೆ. ಬೇಡ ಅಂದ್ರೆ ನಿನ್ನ ಮುಖ ಸಣ್ಣಗಾಗುತ್ತೆ. ನೀನು ಮಾಡಿದ್ದಲ್ವಾ ಅಂತ ಕುಡಿದೆ."

ಚಿಕ್ಕಮ್ಮನಿಗೆ ಹಿಂದಿನ ದಿನ ಆಟೋದಲ್ಲಿ ಆಗದಷ್ಟು ಭಯ ಈಗ ಆಯಿತು. ಮೇಡಂ ಆ ಕಾಗದ ತರದೆ ಹೋಗಿದ್ದರೆ ಮೂರು ಬಟಾಣಿಯನ್ನೂ ತಾನು ಕಲಸಿ ಕೊಡುತ್ತಿದ್ದಳು, ಅಕ್ಕ ತುಟಿಪಿಟಕ್ ಅನ್ನದೆ ಕುಡಿಯುತ್ತಿದ್ದಳು.

ಅಕ್ಕ ನೀರು ಕೇಳಿದಳು. ಮೇಜಿನ ಮೇಲಿದ್ದ ಲೋಟವನ್ನು ಚಿಕ್ಕಮ್ಮ ಎತ್ತಿಕೊಂಡಳು, ಅದರೊಳಗೆ ಇಣುಕಿ ನೋಡಿದಳು, ಮೂಸಿದಳು. ಬರೀ ನೀರು. ಆದರೂ ತನ್ನ ಕೈಯಾರೆ ಕುಡಿಸಲು ಧೈರ್ಯ ಸಾಲದೆ ನರ್ಸನ್ನು ಕರೆದಳು.